ವಸ್ತಾದರ ಪಾಳಿ

ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ನಾಗವೇಣಿ ಗಂಡನ ಮೈಮೇಲೆ ಗೆರೆ ಎಳೆಯುತ್ತಿದ್ದಳು. ಒಂದು ಕೈಯಲ್ಲಿ ಮೊಂಡು ಸೂಜಿ, ಇನ್ನೊಂದರಲ್ಲಿ ಮಗಳ ನೀಲಿ ಸ್ಕೆಚ್ ಪೆನ್ನು. ಕೊಟ್ರೇಶ ಅಂಗಿ ಬಿಚ್ಚಿ, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ಹೊಟ್ಟೆಯಿಂದ ಮೇಲಕ್ಕೆ ಸೂಜಿ ತಾಗಿಸುತ್ತ ಬರಬೇಕು, ಅವನು ಹ್ಞೂಂ ಎಂದ ಜಾಗದಲ್ಲಿ ಗೆರೆ ಹಾಕಬೇಕು. ಗೆರೆಯ ಕೆಳಗಿನ ಮೈ ಅವನ ಪಾಲಿಗೆ ಇಲ್ಲ. ಯುಗಾದಿಯ ಹೊತ್ತಿಗೆ ಸೊಂಟದಲ್ಲಿದ್ದ ಗೆರೆ ಆಷಾಢ ಮುಗಿಯುವಾಗ ಎದೆಯ ನಡುಮಟ್ಟಕ್ಕೆ ಬಂದಿತ್ತು. ಕೈಗಳು ಹೋಗಿ ಆಗಲೇ ವರ್ಷವಾಗಿತ್ತು. ಗೆರೆ ಗಂಟಲು ಮುಟ್ಟಿದ ದಿನ ನುಂಗುವುದು ನಿಲ್ಲುತ್ತದೆ, ಅದರ ಹಿಂದೆಯೇ ಉಸಿರು. ಇದು ಇಬ್ಬರಿಗೂ ಗೊತ್ತಿತ್ತು.

ಆ ಕಾಯಿಲೆಗೆ ಆಸ್ಪತ್ರೆಯ ಕಾಗದದಲ್ಲಿ ಮಾರುದ್ದದ ಹೆಸರಿತ್ತು. ದಾವಣಗೆರೆಯ ಜನ ಜೋಮು ಎಂದಷ್ಟೇ ಕರೆಯುತ್ತಿದ್ದರು. ಹಿಂದೆ ಹತ್ತಿ ಗಿರಣಿಗಳಿದ್ದ ಜಾಗದಲ್ಲಿ ಹದಿನೈದು ವರ್ಷಗಳ ಕೆಳಗೆ ಉದ್ದುದ್ದ ಶೆಡ್ಡುಗಳು ಎದ್ದವು. ಒಳಗೆ ಸಾಲುಸಾಲು ಕುರ್ಚಿಗಳು. ಒರಗಿ ಕೂತು, ತಂತಿ ನೇಯ್ದ ಅಂಗಿ ತೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಮುಗಿಯಿತು, ಅರಬ್ಬೀ ಸಮುದ್ರದ ತಳದಲ್ಲಿ ಕೇಬಲ್ ಹೂಳುವ ಎಂಟು ಕೈಯ ಯಂತ್ರವೇ ನಿಮ್ಮ ಮೈ. ಅದರ ಉಗುರಿಗೆ ಕಲ್ಲು ತಾಗಿದರೆ ನಿಮಗೆ ತಾಗುತ್ತದೆ, ಅದರ ಬೆನ್ನಿಗೆ ನೀರಿನ ಸೆಳೆತ ಬಡಿದರೆ ನಿಮಗೆ ಬಡಿಯುತ್ತದೆ. ಕೊಟ್ರೇಶ ಆ ಕೆಲಸದಲ್ಲಿ ನಿಸ್ಸೀಮ. ಒಂಬತ್ತು ವರ್ಷ, ದಿನಕ್ಕೆ ಎಂಟು ಗಂಟೆ, ಊರಲ್ಲಿದ್ದೂ ಸಮುದ್ರದ ಅಡಿಯಲ್ಲಿ ಇದ್ದ. ನಮ್ಮೆಲ್ಲರ ಮೆದುಳಿನಲ್ಲಿ ಮೈಯದೊಂದು ನಕ್ಷೆ ಇರುತ್ತದೆ, ಬೆರಳಿಗಿಷ್ಟು, ತುಟಿಗಿಷ್ಟು ಎಂದು ಜಾಗ ಹಂಚಿರುತ್ತದೆ. ಎಂಟು ಕೈಗೆ ಜಾಗ ಬಿಟ್ಟುಕೊಡುತ್ತ ಹೋದ ಆ ನಕ್ಷೆಯಿಂದ ಅವನ ಸ್ವಂತ ಎರಡು ಕೈ ಅಳಿಸಿಹೋದವು. ಬಾಡಿಗೆ ಮನೆಗೆ ಒಗ್ಗಿಹೋದವನು ಸ್ವಂತ ಮನೆಗೆ ಬೀಗ ಜಡಿದ ಹಾಗೆ. ಕೆಲಸ ಬಿಟ್ಟ ಮೇಲೂ ಬೀಗ ತೆರೆಯಲಿಲ್ಲ, ಒಂದೊಂದೇ ಕೋಣೆ ಮುಚ್ಚುತ್ತ ಬಂತು.

ಕೈಕಾಲು ಬಿದ್ದುಹೋಗಿರಲಿಲ್ಲ, ಆಡುತ್ತಿದ್ದವು. ಆದರೆ ಕಣ್ಣಿಟ್ಟು ನೋಡುತ್ತಿದ್ದರೆ ಮಾತ್ರ. ನೋಟ ತಪ್ಪಿದರೆ ಹಿಡಿದ ಲೋಟ ಕೆಳಗೆ ಬೀಳುತ್ತಿತ್ತು, ಇಲ್ಲವೇ ಒಡೆಯುವಷ್ಟು ಬಿಗಿಯಾಗುತ್ತಿತ್ತು. ಒಮ್ಮೆ ಏಳು ವರ್ಷದ ಮಗಳು ಶಾಲ್ಮಲಿಯ ಕೈ ಹಿಡಿದು ರಸ್ತೆ ದಾಟುವಾಗ ಅವನ ಕಣ್ಣು ಬಸ್ಸಿನ ಕಡೆ ಹೋಯಿತು. ಮಗು ಕಿರುಚಿದಾಗಲೇ ಅವನಿಗೆ ತಿಳಿದದ್ದು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು ಹದಿನೈದು ದಿನ ಇತ್ತು. ಅಂದಿನಿಂದ ಕೊಟ್ರೇಶ ಯಾರನ್ನೂ ಮುಟ್ಟಲಿಲ್ಲ. ಬೇಸಗೆಯಲ್ಲೂ ಶಾಲು ಹೊದ್ದು ಕೈಗಳನ್ನು ಅದರೊಳಗೆ ಇಟ್ಟುಕೊಂಡು ಕೂರುತ್ತಿದ್ದ.

ನಾಗವೇಣಿಯದು ಸುಮ್ಮನೆ ಕೂರುವ ಜಾಯಮಾನವಲ್ಲ. ಅವಳು ನರಶಾಸ್ತ್ರ ಓದಿದವಳು, ಊರಿನ ಜೋಮು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಔಷಧಿ, ವಿದ್ಯುತ್ತು, ಸೂಜಿ ಎಲ್ಲ ಆಗಿ ಸೋತು ಕೂತಿದ್ದ ಕೇಂದ್ರಕ್ಕೆ ಒಂದು ದಿನ ಒಬ್ಬ ಹಳೆಯ ರೋಗಿ ನಡೆದುಕೊಂಡು ಬಂದ, ಅದೂ ಕಣ್ಣನ್ನು ಕಾಲ ಮೇಲೆ ಇಡದೆ. ಎಲ್ಲಿ ಏನು ಮಾಡಿಸಿಕೊಂಡೆ ಎಂದು ಎಲ್ಲರೂ ಮುತ್ತಿಕೊಂಡರು. ಹಳೇಪೇಟೆಯ ಗರಡಿಮನೆಯಲ್ಲಿ ಮೈಲಾರಪ್ಪ ವಸ್ತಾದರು ಮೈ ತಿಕ್ಕಿದರು, ನಲವತ್ತನೆಯ ದಿನ ಕುಸ್ತಿ ಮಟ್ಟಿಯ ಮಣ್ಣಿನ ತಂಪು ಪಾದಕ್ಕೆ ಗೊತ್ತಾಯಿತು ಎಂದ. ಕೇಂದ್ರದ ಮುಖ್ಯಸ್ಥ ಡಾ. ಶಶಿಧರ ಮೊದಲು ನಕ್ಕರು. ಇನ್ನೂ ಆರು ಜನ ಹಾಗೆಯೇ ನಡೆದು ಬಂದ ಮೇಲೆ ನಗು ನಿಂತಿತು. ಆ ಕೈಗಳಲ್ಲಿ ಏನಿದೆ ಎಂದು ಅಳೆದು ಬರಲು ನಾಗವೇಣಿಯನ್ನು ಕಳಿಸಿದರು.

ವಸ್ತಾದರಿಗೆ ಎಪ್ಪತ್ತನಾಲ್ಕು. ಕುಸ್ತಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕುತ್ತಿಗೆ ಇನ್ನೂ ಒರಳಿನಷ್ಟು ದಪ್ಪ. ಕೈಗೆ ಅಳತೆಯ ಕೈಗವಸು ತೊಡಿಸಲು ಹೋದರೆ ಒಪ್ಪಲಿಲ್ಲ, ಗವಸು ಹಾಕಿದರೆ ಕೈ ಕುರುಡಾಗುತ್ತದೆ ಎಂದರು. ಕೊನೆಗೆ ಅವಳು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಅಳತೆಪಟ್ಟಿಯನ್ನು ರೋಗಿಗಳ ಮೈಗೇ, ತಲೆಗೂ ಒಂದು ಸೇರಿಸಿ, ಅಂಟಿಸಿದಳು. ಬೆರಳು ಎಲ್ಲಿ ಬಿತ್ತು, ಎಷ್ಟು ಒತ್ತಿತು, ರೋಗಿಯ ನರ, ಮೆದುಳು ಏನೆಂದವು ಎಲ್ಲವೂ ಅದರಲ್ಲಿ ದಾಖಲಾಗುತ್ತಿತ್ತು.

ಆ ಎರಡು ತಿಂಗಳು ಅವಳು ಕಂಡದ್ದನ್ನು ಯಾವ ಪಟ್ಟಿಯೂ ದಾಖಲಿಸಲಾರದು ಎಂದು ಅವಳಿಗೇ ಅನ್ನಿಸಿದ್ದಿದೆ. ವಸ್ತಾದರು ಕೂಡಲೇ ತಿಕ್ಕಲು ಶುರು ಮಾಡುತ್ತಿರಲಿಲ್ಲ. ಮಲಗಿದವನ ಬೆನ್ನ ಮೇಲೆ ಎರಡೂ ಅಂಗೈ ಇಟ್ಟು, ತಮ್ಮ ಉಸಿರು ಅವನ ಉಸಿರಿನ ಜೊತೆ ಸೇರುವ ತನಕ ಕಾಯುತ್ತಿದ್ದರು. ಆಮೇಲೆ ಎಳ್ಳೆಣ್ಣೆ. ಹೆಬ್ಬೆರಳು ಬೆನ್ನುಹುರಿಯ ಪಕ್ಕದಲ್ಲಿ ಇಳಿಯುವಾಗ ಮಾತೂ ಇಳಿಯುತ್ತಿತ್ತು. ಮನೆಯಲ್ಲಿ ಯಾರಿಗೆ ಏನಾಗಿದೆ, ತಂಗಿಯ ಮದುವೆ ಎಲ್ಲಿಗೆ ಬಂತು, ಅಣ್ಣನ ಜೊತೆ ಮಾತು ಬಿಟ್ಟದ್ದು ಯಾಕೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಒಂಟಿಯಾಗಿ ಕೂತು ಕೂತು ಮಾತೇ ಮರೆತಿದ್ದ ಗಂಡಸರು ಆ ಕೈಯಡಿ ಮಗುವಿನಂತೆ ಅತ್ತದ್ದನ್ನು ಅವಳು ನೋಡಿದಳು. ಇಂಥವರು ತನ್ನ ಊರಿನಲ್ಲೇ ನಲವತ್ತು ವರ್ಷದಿಂದ ಇದ್ದರು, ತಾನು ಎಷ್ಟೆಲ್ಲ ಓದಿಯೂ ಅತ್ತ ತಿರುಗಿ ನೋಡಿರಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಮೈ ತಿಕ್ಕಿಸಿಕೊಂಡವನು ಎದ್ದು ಹಾಗೇ ಮನೆಗೆ ಹೋಗುವಂತಿಲ್ಲ. ಪಕ್ಕದಲ್ಲಿ ಮಲಗಿದವನಿಗೆ ತಾನು ತಿಕ್ಕಬೇಕು. ಅದಕ್ಕೆ ಪಾಳಿ ಎನ್ನುತ್ತಿದ್ದರು. ಜೋಮು ಹಿಡಿದವರಿಗೂ ವಿನಾಯಿತಿ ಇರಲಿಲ್ಲ. ಆ ಮರಗಟ್ಟಿದ ಕೈಗಳು ತಪ್ಪುತಪ್ಪಾಗಿ ಒತ್ತುವುದನ್ನು, ಕೆಳಗಿದ್ದವನು ಅಯ್ಯಪ್ಪಾ ಎನ್ನುವುದನ್ನು ನೋಡಿ ನಾಗವೇಣಿ ಇದು ಗರಡಿಯ ಶಿಸ್ತು, ಗುರುವಿಗೆ ಸಲ್ಲಿಸುವ ಸೇವೆ ಎಂದುಕೊಂಡಳು. ಅದರಲ್ಲಿ ಕಲಿಯುವುದಕ್ಕೇನೂ ಇರಲಿಲ್ಲ. ಅಲ್ಲದೆ ರೋಗಿ ಎದ್ದು ಓಡಾಡತೊಡಗಿದರೆ ಅಳತೆಯೆಲ್ಲ ಕಲಸುಮೇಲೋಗರ. ಕೇಂದ್ರಕ್ಕೆ ಬಂದವಳೇ ಪ್ರತಿ ದಾಖಲೆಯಲ್ಲೂ ವಸ್ತಾದರ ಕೈಯಿದ್ದ ಮೊದಲ ಇಪ್ಪತ್ತು ನಿಮಿಷ ಉಳಿಸಿಕೊಂಡು, ಮಿಕ್ಕದ್ದನ್ನು ಕತ್ತರಿಸಿ ಬೇರೆ ಕಡತಕ್ಕೆ ಹಾಕಿದಳು. ಆ ಕಡತಕ್ಕೆ ಕಸ ಎಂದು ಹೆಸರಿಟ್ಟಳು.

ಹಾಗೆ ಹುಟ್ಟಿದ್ದು ಹಸ್ತಶಯ್ಯೆ. ನೋಡಲು ಮಾಮೂಲಿ ಮಂಚ. ಹಾಸಿಗೆಯ ಒಳಗೆ ಸಾವಿರಾರು ಮೆತ್ತನೆಯ ಉಬ್ಬುಗಳು ಬೆಚ್ಚಗಾಗಿ ಎದ್ದು ಇಳಿದು ವಸ್ತಾದರ ಬೆರಳು, ಅಂಗೈ, ಮೊಣಕೈ ಎಲ್ಲವನ್ನೂ ಹಾಗೇ ಅನುಕರಿಸುತ್ತಿದ್ದವು. ಮಲಗಿದವನ ಉಸಿರು ಕೇಳಿ ತನ್ನ ಲಯ ಹೊಂದಿಸಿಕೊಳ್ಳುವುದೂ ಅದಕ್ಕೆ ಗೊತ್ತಿತ್ತು. ಇಪ್ಪತ್ತೊಂದು ಜನರ ಮೇಲೆ ಪರೀಕ್ಷೆ ಆಯಿತು, ಮೂರೇ ವಾರಕ್ಕೆ ಎಲ್ಲರಲ್ಲೂ ಜೋಮು ಇಳಿಯತೊಡಗಿತು. ಡಾ. ಶಶಿಧರ ಕುಣಿಯುವುದೊಂದು ಬಾಕಿ. ರಾಜ್ಯೋತ್ಸವದ ದಿನ ಇನ್ನೂರು ಮಂಚಗಳ ಉದ್ಘಾಟನೆ ಎಂದು ಗೊತ್ತುಮಾಡಿಯೇಬಿಟ್ಟರು.

ಅವುಗಳಲ್ಲಿ ಮೊದಲನೆಯದು ನಾಗವೇಣಿಯ ಮನೆಗೇ ಬಂತು. ಗರಡಿಗೆ ಹೋಗೋಣ ಎಂದು ಅವಳು ಎಷ್ಟು ಕರೆದರೂ ಕೊಟ್ರೇಶ ಬಂದಿರಲಿಲ್ಲ, ಊರವರ ಮುಂದೆ ಈ ಮೈ ಬಿಚ್ಚಲಾರೆ ಎಂದಿದ್ದ. ಈಗ ಆ ತಂಟೆಯೇ ಇಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಎರಡು ವಾರದಲ್ಲಿ ಗೆರೆ ನಾಲ್ಕು ಬೆರಳು ಕೆಳಗಿಳಿಯಿತು. ಅವತ್ತು ಅವಳು ಶಾವಿಗೆ ಪಾಯಸ ಮಾಡಿ ಅವನಿಗೆ ಚಮಚದಲ್ಲಿ ಕುಡಿಸಿದಳು. ಅವನ ಅಂಗಿಯ ಗುಂಡಿ ಹಾಕುವುದು, ತಲೆ ಬಾಚುವುದು, ಬಚ್ಚಲಿಗೆ ಎತ್ತಿಕೊಂಡು ಹೋಗಿ ಕೂರಿಸುವುದು ಎಲ್ಲ ಅವಳೇ. ಮಗಳು ನೀರಿನ ಲೋಟ ಹಿಡಿದು ಕಾಯುತ್ತಿದ್ದಳು. ಅವನು ಒಂದು ಕಡ್ಡಿ ಈಚೆಯಿಂದ ಆಚೆ ಇಡುವ ಪ್ರಮೇಯ ಬಾರದಂತೆ ತಾಯಿ ಮಗಳು ನೋಡಿಕೊಂಡರು.

ಮೂರನೆಯ ಭಾನುವಾರ ಗೆರೆ ಅಲ್ಲೇ ನಿಂತಿತ್ತು. ನಾಲ್ಕನೆಯ ಭಾನುವಾರ ಎರಡು ಬೆರಳು ಮೇಲೆ ಬಂತು. ಅವಳು ಒತ್ತಡ ಹೆಚ್ಚಿಸಿದಳು, ಶಾಖ ಹೆಚ್ಚಿಸಿದಳು, ಇಪ್ಪತ್ತನ್ನು ನಲವತ್ತು ನಿಮಿಷ ಮಾಡಿದಳು. ಗೆರೆ ಹಳೆಯ ಜಾಗ ದಾಟಿ ಮೇಲಕ್ಕೇ ಹೋಯಿತು. ಕೇಂದ್ರದ ಇಪ್ಪತ್ತೊಂದು ಜನರದ್ದೂ ಅದೇ ಹಾಡು. ಒಂದು ಮಧ್ಯಾಹ್ನ ಊಟ ಮಾಡುವಾಗ ಸಾರು ನೆತ್ತಿಗೇರಿ ಕೊಟ್ರೇಶನ ಮುಖ ಕಪ್ಪಿಟ್ಟಿತು. ಸರಿಹೋದ ಮೇಲೆ ಅವನು ತಟ್ಟೆಯ ಕಡೆ ನೋಡುತ್ತ, ಇನ್ನು ಮೇಲೆ ಶಾಲ್ಮಲಿ ಎದುರು ನನಗೆ ಉಣಿಸಬೇಡ ಎಂದಷ್ಟೇ ಹೇಳಿದ. ನಾಗವೇಣಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಮಾರನೆಯ ದಿನ ಅವಳು ಗರಡಿಗೆ ಹೋದದ್ದು ಜಗಳಕ್ಕೆ ನಿಂತವಳ ಹಾಗೆ. ಏನೋ ಒಂದನ್ನು ಮುಚ್ಚಿಟ್ಟುಕೊಂಡಿದ್ದೀರಿ, ಎಣ್ಣೆಯೋ ಮಂತ್ರವೋ, ಏನಿದೆ ಹೇಳಿಬಿಡಿ ಎಂದು ನೇರವಾಗಿ ಕೇಳಿದಳು. ವಸ್ತಾದರಿಗೆ ಸಿಟ್ಟು ಬರಲಿಲ್ಲ. ಮಂಡಕ್ಕಿಯ ತಟ್ಟೆ ಅವಳ ಕಡೆ ಸರಿಸಿ, ನಿನ್ನ ಯಜಮಾನ ದಿನವಿಡೀ ಏನು ಮಾಡುತ್ತಾನೆ ಎಂದು ವಿಚಾರಿಸಿದರು. ಏನೂ ಮಾಡುವುದಿಲ್ಲ, ಮಾಡಲು ನಾನು ಬಿಡುವುದೂ ಇಲ್ಲ ಎಂದು ಅವಳು ಹೆಮ್ಮೆಯಿಂದಲೇ ಹೇಳಿದಳು. ಮಂಚದಿಂದ ಎದ್ದ ಮೇಲೆ ಎಂದು ಅವರು ಕೇಳಿದರು. ಎದ್ದ ಮೇಲೆ ಕುರ್ಚಿಯಲ್ಲಿ ಕೂರುತ್ತಾರೆ ಎಂದಳು.

ವಸ್ತಾದರು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. "ನೋಡು ಡಾಕ್ಟ್ರವ್ವ, ನನ್ನ ಕೈಯೇನೋ ತಗಂಡು ಹೋದೆ. ಪಾಳಿ ಇಲ್ಲೇ ಬಿಟ್ಟು ಹೋದೆ. ಬರೀ ಇಸ್ಕಣೋನ ಮೈ ಎಲ್ಲಿ ಏಳ್ತೈತೆ? ಅದಕ್ಕೆ ಏಳೋ ಕೆಲ್ಸಾನೇ ಇಲ್ವಲ್ಲ."

ಅವಳು ತಟ್ಟೆ ಮುಟ್ಟದೆ ಎದ್ದು ಕೇಂದ್ರಕ್ಕೆ ಓಡಿದಳು. ಕಸದ ಕಡತ ತೆಗೆದಳು. ಅದರಲ್ಲಿ ಆ ಎರಡು ತಿಂಗಳಲ್ಲಿ ಗುಣವಾದವರೆಲ್ಲರ ಪಾಳಿಯ ದಾಖಲೆ ಇತ್ತು, ಅವಳೇ ಕತ್ತರಿಸಿ ಎಸೆದದ್ದು. ಕಲಸುಮೇಲೋಗರದಂತೆ ಕಂಡಿದ್ದ ಆ ಗೆರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ವಸ್ತಾದರ ಕೈಯಡಿ ರೋಗಿಗಳ ನರ ಮಿಸುಕಾಡುತ್ತಿತ್ತು, ಅಷ್ಟೇ. ಅವರು ಎದ್ದು ಇನ್ನೊಬ್ಬರ ಬೆನ್ನ ಮೇಲೆ ಮರಗಟ್ಟಿದ ಕೈಯಿಟ್ಟು, ಕೆಳಗಿದ್ದವನು ನೋವಿಗೆ ಮುಲುಗಿದಾಗ, ಆ ಗಳಿಗೆಯಲ್ಲಿ ಮೆದುಳಿನ ನಕ್ಷೆಯಲ್ಲಿ ಅಳಿಸಿದ್ದ ಕೈಯ ಜಾಗ ಝಗ್ಗನೆ ಹೊತ್ತಿಕೊಳ್ಳುತ್ತಿತ್ತು. ಪ್ರತಿಯೊಬ್ಬರಲ್ಲೂ, ಪ್ರತಿ ದಿನವೂ. ತನ್ನ ವಿಷಯಕ್ಕೆ ಮಲಗಿಬಿಟ್ಟ ಮೆದುಳು ತನ್ನ ಕೈಯಡಿ ಇನ್ನೊಂದು ಜೀವ ನರಳಿದರೆ ಮಲಗಿರಲಾರದು. ಎಷ್ಟು ಒತ್ತಲಿ, ಎಲ್ಲಿ ಬಿಡಲಿ ಎಂದು ತಿಳಿಯಲು ಅದಕ್ಕೆ ಸ್ವಂತ ಕೈ ಬೇಕೇ ಬೇಕು, ಹಾಗಾಗಿ ಹುಡುಕಿಕೊಂಡು ಬರುತ್ತದೆ. ಒಂದು ಪುಸ್ತಕವನ್ನೂ ಓದದ ಗರಡಿಯ ಗುರುಗಳ ತಲೆಮಾರುಗಳು ಇದನ್ನು ಪಾಳಿ ಎಂಬ ಒಂದು ಮಾತಿನಲ್ಲಿ ಕಾಪಾಡಿಕೊಂಡು ಬಂದಿದ್ದವು. ತನ್ನ ಕಣ್ಣೆದುರೇ ಎರಡು ತಿಂಗಳು ನಡೆದದ್ದು ತನಗೆ ಕಾಣಲಿಲ್ಲವಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಡಾ. ಶಶಿಧರ ಎಲ್ಲ ಕೇಳಿ, ಅದಕ್ಕೇನಂತೆ, ಪಾಳಿಗೂ ಒಂದು ಯಂತ್ರ ಮಾಡೋಣ ಎಂದರು. ಮನುಷ್ಯನ ಮೈಯಷ್ಟೇ ಮೆತ್ತಗಿನ, ಬೆಚ್ಚಗಿನ ರಬ್ಬರಿನ ಬೆನ್ನು ತಯಾರಾಯಿತು. ಜೋರಾಗಿ ಒತ್ತಿದರೆ ಅದು ನರಳುತ್ತಲೂ ಇತ್ತು. ರೋಗಿಗಳು ಹತ್ತು ದಿನ ಅದನ್ನು ತಿಕ್ಕಿದರು, ನಕ್ಷೆಯಲ್ಲಿ ಒಂದು ಕಿಡಿಯೂ ಏಳಲಿಲ್ಲ. ಅದಕ್ಕೆ ನೋಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾಗವೇಣಿ ಇನ್ನೂರು ಮಂಚಗಳ ಉದ್ಘಾಟನೆ ನಿಲ್ಲಿಸಿ ಎಂದು ಬರೆದುಕೊಟ್ಟಳು. ನಿನ್ನ ಹೆಸರಿನ ಯಂತ್ರಕ್ಕೆ ನೀನೇ ಕಲ್ಲು ಹಾಕುತ್ತಿದ್ದೀಯಲ್ಲ ಎಂದು ಮುಖ್ಯಸ್ಥರು ಗೊಣಗಿದರೂ ಕೊನೆಗೆ ಸಹಿ ಹಾಕಿದರು, ಅಷ್ಟರ ಮಟ್ಟಿಗೆ ಅವರು ಪ್ರಾಮಾಣಿಕರು.

ಆ ಹತ್ತು ದಿನಗಳಲ್ಲಿ ಕೊಟ್ರೇಶನ ಗೆರೆ ಹೆಗಲ ಮೂಳೆಯ ಹತ್ತಿರ ಬಂದಿತ್ತು. ಬುಧವಾರ ಬೆಳಿಗ್ಗೆ ಅವಳು ಅವನ ಮಾತಿಗೆ ಕಾಯದೆ ಆಟೋ ತರಿಸಿ ಗರಡಿಗೆ ಕರೆದೊಯ್ದಳು. ಪಡಸಾಲೆಯ ಜಮಖಾನದ ಮೇಲೆ ವಸ್ತಾದರು ಅವನನ್ನು ಮಲಗಿಸಿ, ಮೈಯನ್ನು ನೋಡಿಯೂ ನೋಡದವರಂತೆ ಎಣ್ಣೆ ಸುರಿದರು. ಇಪ್ಪತ್ತು ನಿಮಿಷವಾಯಿತು. ಏಳು, ಈಗ ನಿನ್ನ ಪಾಳಿ ಎಂದರು. ಗೋಡೆಗೆ ಒರಗಿ ಕೂತಿದ್ದ ನಾಲ್ಕೈದು ಜನ ಇವನತ್ತ ನೋಡಿದರು. ಕೊಟ್ರೇಶ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತುಬಿಟ್ಟ.

"ಬೇಡ ವಸ್ತಾದ್ರೆ. ಈ ಕೈ ಯಾರ ಮೂಳೆ ಮುರಿದ್ರೂ ನಂಗೆ ಗೊತ್ತಾಗಲ್ಲ."

"ಮುರಿದ್ರೆ ಅವ್ರು ಕೂಗ್ತಾರೆ. ಅದಕ್ಕೇ ಜೀವ ಇರೋರನ್ನ ಮಲಗ್ಸೋದು," ಎಂದರು ವಸ್ತಾದರು.

ಒಬ್ಬ ಎದ್ದು ಬಂದು ನನಗೆ ಮಾಡು ಎಂದ, ಇನ್ನೊಬ್ಬನೂ ಹೇಳಿದ. ವಸ್ತಾದರು ತಾವೇ ಮಲಗಲು ಹೊರಟರು. ಕೊಟ್ರೇಶ ತಲೆ ಅಲ್ಲಾಡಿಸುತ್ತಲೇ ಇದ್ದ. ಮಗಳ ಮಣಿಕಟ್ಟು ಅವನ ಕಣ್ಣ ಮುಂದೆ ಇದ್ದದ್ದು ನಾಗವೇಣಿಗೆ ಗೊತ್ತಿತ್ತು. ಅವಳು ಸೆರಗು ಬಿಗಿಮಾಡಿಕೊಂಡು ಜಮಖಾನದ ಮೇಲೆ ಬೋರಲು ಮಲಗಿದಳು.

ಹೆಂಗಸರಿಗೆ ಪಾಳಿ ಮಧ್ಯಾಹ್ನ, ವಸ್ತಾದರ ಸೊಸೆಯ ಹತ್ತಿರ. ಬೆಳಗಿನ ಹೊತ್ತು ಈ ಪಡಸಾಲೆಯಲ್ಲಿ ಹೆಣ್ಣುಮಗಳೊಬ್ಬಳು ಮಲಗಿದ್ದು ಅದೇ ಮೊದಲು. ವಸ್ತಾದರು ಎದ್ದು ಎಲ್ಲರನ್ನೂ ಹೊರಗೆ ಕಳಿಸಿದರು. ತಾವು ಬಾಗಿಲ ಕಡೆ ಮುಖ ಮಾಡಿ, ಇವರಿಗೆ ಬೆನ್ನು ಹಾಕಿ ಕೂತರು. ಅಲ್ಲಿಂದಲೇ ಕಿವಿಯಲ್ಲೇ ನೋಡುತ್ತ ಹೇಳಿಕೊಟ್ಟರು. ಅಂಗೈ ಇಡು, ಒತ್ತಬೇಡ, ಅವಳ ಉಸಿರು ಏರಿದರೆ ನೀನೂ ಏರು, ಇಳಿದರೆ ಇಳಿ. ಬಹಳ ಹೊತ್ತಿನ ಮೇಲೆ ಅವಳ ಬೆನ್ನಿಗೆ ಎರಡು ಭಾರ ಬಂದು ಕೂತವು. ಈಗ ಕಣ್ಣು ಮುಚ್ಚು ಎಂದರು ವಸ್ತಾದರು.

ಕೊಟ್ರೇಶನಿಗೆ ಕಣ್ಣು ಮುಚ್ಚುವುದೆಂದರೆ ಕೈಗಳೇ ಇಲ್ಲವಾಗುವುದು. ಆದರೂ ಮುಚ್ಚಿದ. ಅವನ ಕೈ ದಿಕ್ಕು ತಪ್ಪಿ ಅವಳ ಪಕ್ಕೆಗೆ ಜೋರಾಗಿ ಒತ್ತಿತು, ಅವಳು ಅಮ್ಮಾ ಎಂದಳು. ಅವನು ಕೈ ತೆಗೆದ. ಇಡು ಎಂದರು ವಸ್ತಾದರು, ತಿರುಗದೆ. ಮತ್ತೆ ಇಟ್ಟ. ಈ ಸಲ ಕೈ ಬಹಳ ನಿಧಾನವಾಗಿ ಇಳಿಯಿತು, ಕತ್ತಲ ಕೋಣೆಯಲ್ಲಿ ಗೋಡೆ ತಡವಿಕೊಂಡು ಹೋಗುವವರ ಹಾಗೆ. ಎಡ ಹೆಗಲ ಕೆಳಗೆ ಬಂದು ನಿಂತಿತು. ಮುಂದೆ ಹೋಯಿತು, ತಿರುಗಿ ಅಲ್ಲಿಗೇ ಬಂತು.

"ನಾಗೂ," ಎಂದ ಅವನು. ದನಿ ಅವನದಲ್ಲವೆಂಬಂತೆ ಇತ್ತು. "ಇಲ್ಲೊಂದು ಗಂಟು ಐತೆ."

ಆ ಗಂಟನ್ನು ಅವಳು ಯಾರಿಗೂ ತೋರಿಸಿರಲಿಲ್ಲ, ಯಾರ ಹತ್ತಿರವೂ ಹೇಳಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು, ಅಷ್ಟೇ.

"ಯಾವಾಗಿಂದ?"

"ನಿಮ್ಮನ್ನ ಎತ್ತಿ ಬಚ್ಚಲಿಗೆ ಕೂರ್ಸೋಕೆ ಶುರು ಮಾಡ್ದಾಗಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೇನು ಮಾಡ್ತಿದ್ರಿ?"

ಮಾತು ಬಾಯಿಂದ ಬಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಕೈ ಬೆನ್ನ ಮೇಲೆ ಅಲ್ಲಾಡದೆ ನಿಂತಿತ್ತು. ಈಗ ತೆಗೆದುಬಿಡುತ್ತಾನೆ, ಮತ್ತೆ ಶಾಲಿನೊಳಗೆ ಸೇರಿಸಿಬಿಡುತ್ತಾನೆ, ಇನ್ನು ಎಂದಿಗೂ ಹೊರಗೆ ತರುವುದಿಲ್ಲ ಎಂದು ಅವಳು ಜಮಖಾನಕ್ಕೆ ಮುಖ ಒತ್ತಿದಳು. ಹೊರಗೆ ಯಾರೋ ಬಕೆಟ್ಟಿಗೆ ನೀರು ತುಂಬುತ್ತಿದ್ದ ಸದ್ದು ಕೇಳುತ್ತಿತ್ತು.

ಆಮೇಲೆ ಹೆಬ್ಬೆರಳು ಗಂಟಿನ ಅಂಚಿಗೆ ಬಂತು. ಒತ್ತಿತು, ಅವಳ ಮೈ ಬಿಗಿದದ್ದೇ ಸಡಿಲಿಸಿತು, ಬಿಗಿ ಇಳಿದದ್ದೇ ಮತ್ತೆ ಒತ್ತಿತು. ಅವಳು ಹೇಳಿಕೊಡಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಒಂದು ವರ್ಷದ ನೋವು ಅವನ ಬೆರಳಿನಡಿ ಎಳೆ ಎಳೆಯಾಗಿ ಬಿಚ್ಚುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಅವಳು ಅಳುತ್ತಿದ್ದಳು, ಅದು ಅವನ ಅಂಗೈಗೂ ತಿಳಿದಿರಬೇಕು, ಕೈ ಸ್ವಲ್ಪ ಹೊತ್ತು ಹಗುರಾಯಿತು. ಬಾಗಿಲ ಕಡೆಯಿಂದ ವಸ್ತಾದರು, ಇವತ್ತಿಗೆ ಇಷ್ಟು ಸಾಕು ಕಣಪ್ಪ ಎಂದರು.

ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡು ಮೊಣಕೈ ಊರಿದಳು. ಹೊತ್ತಾಗಿತ್ತು, ಅವನ ಅಂಗಿ ತೊಡಿಸಬೇಕು, ಆಟೋ ಕರೆಯಬೇಕು, ಮನೆಗೆ ಹೋಗಿ ಗಂಜಿ ಕಾಯಿಸಬೇಕು. ಬೆನ್ನ ಮೇಲಿನ ಕೈ ಅವಳನ್ನು ಏಳಲು ಬಿಡಲಿಲ್ಲ.

"ಸುಮ್ನೆ ಮಲಗು," ಎಂದ ಕೊಟ್ರೇಶ. ಅವನ ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಬಲಗಡೆ ಇನ್ನೂ ಹಂಗೇ ಐತೆ."